ಗ್ರಾಹಕರು ಸಹಕರಿಸಬೇಕು

ಬೆಲೆ ಏರಿಕೆಗೆ ಮದ್ದು ಸಿಕ್ಕಿದೆಯಂತೆ. ಸ್ಪರ್ಧೆ! ಮಾರುವವರು ಗಿರಾಕಿಗಾಗಿ ಗುದ್ದಾಡಿದರೆ ಬೆಲೆ ತಾನಾಗೇ ಇಳಿಯುತ್ತೆ ಅಂತ ಟೀವಿಯಲ್ಲಿ ಒಬ್ಬರು ಪಂಡಿತರು ಹೇಳುತ್ತಿದ್ದರು. ಅವರು ಒಮ್ಮೆ ಚಿಕ್ಕಮಗಳೂರಿಗೆ ಬರಬೇಕು. ಇಲ್ಲಿ ಯಾವ ಹೋಟೆಲಿಗೆ ಹೊಕ್ಕರೂ ಗಲ್ಲಾದ ಹಿಂದೆ ಅದೇ ಚೀಟಿ. 'ಸಂಘದ ತೀರ್ಮಾನದಂತೆ ಕಾಫಿ, ಟೀ ದರ ಹೆಚ್ಚಿಸಲಾಗಿದೆ. ಗ್ರಾಹಕರು ಸಹಕರಿಸಬೇಕು.'

ಎಂಥ ಒಗ್ಗಟ್ಟು! ತೋಟ ಪಾಲಾಗುವಾಗ ಅಣ್ಣತಮ್ಮಂದಿರೇ ಕೋರ್ಟು ಹತ್ತುವ ಊರು ಸ್ವಾಮಿ ಇದು.

2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಮಾರುವವರು ಕೂಡಿಕೊಂಡು ದರ ಗೊತ್ತು ಮಾಡುವ ಹಾಗಿಲ್ಲ. ದೊಡ್ಡ ಕಂಪನಿಯವರು ಇಂಥದ್ದನ್ನು ಬಾಗಿಲು ಹಾಕಿಕೊಂಡು ಮಾಡುತ್ತಾರೆ. ನಮ್ಮವರು ಡಿಟಿಪಿ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಲಕ್ಷ್ಮಿ ಪಟದ ಪಕ್ಕ ತೂಗುಹಾಕುತ್ತಾರೆ. ಪಾರದರ್ಶಕತೆ ಅಂದ್ರೆ ಇದು.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ. ಲೋಟಕ್ಕೆ 100 ಎಂ.ಎಲ್. ಹಾಕ್ತಾರೆ ಅಂತಲೇ ಇಟ್ಟುಕೊಳ್ಳಿ (ಹಾಕಿದರೆ ಕಾಲಿಗೆ ಬೀಳುತ್ತೇನೆ), ಆಗ ಜಾಸ್ತಿಯಾಗುವುದು 40 ಪೈಸೆ. ಪುಡಿಯೂ ಏರಿದೆ, ಒಪ್ಪೋಣ. ಆದರೆ 2001-02ರಲ್ಲಿ ಕಾಫಿ ಬೀಜಕ್ಕೆ ಬೆಲೆಯಿಲ್ಲದೆ ಬೆಳೆಗಾರರು ತಲೆ ಮೇಲೆ ಕೈ ಹೊತ್ತು ಕೂತಿದ್ದರಲ್ಲ, ಆಗ 'ದರ ಇಳಿಸಲಾಗಿದೆ' ಅನ್ನೋ ಚೀಟಿ ನೋಡಿದವರು ಯಾರಾದರೂ ಇದ್ದೀರಾ?

ಈ ಕಾನೂನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಚಾಡಿಗೆ ಕೊಡುವ ಬಹುಮಾನ. ಬಿಯರ್ ಕಂಪನಿಗಳು ಸೇರಿಕೊಂಡು ದರ ಮಾತಾಡಿಕೊಂಡಿದ್ದಕ್ಕೆ 2021ರಲ್ಲಿ ಈ ಕಾಯ್ದೆ ಜಾರಿ ಮಾಡುವ ದೆಹಲಿಯ ಸ್ಪರ್ಧಾ ಆಯೋಗ ಸುಮಾರು 873 ಕೋಟಿ ದಂಡ ಹಾಕಿತು. ಮೊದಲು ಹೋಗಿ ಒಪ್ಪಿಕೊಂಡ ಕಂಪನಿಗೆ ಮಾತ್ರ ಪೂರ್ತಿ ಮಾಫಿ! ನಮ್ಮ ಭಟ್ಟರಿಗೂ ಶೆಟ್ಟರಿಗೂ ಇದು ಗೊತ್ತಾಗಬೇಕು. ರಾತ್ರೋರಾತ್ರಿ ಕಡೂರಿಗೆ ಹೋಗಿ ರೈಲು ಹಿಡಿದು, ದೆಹಲಿಗೆ ಯಾರು ಮೊದಲು ಮುಟ್ಟುತ್ತಾರೆ ನೋಡೋಣ. ಅಷ್ಟಾದರೂ ಸ್ಪರ್ಧೆ ಹುಟ್ಟುತ್ತೆ.

ಹೋಗಲಿ, ಹೋಟೆಲಿನವರದ್ದು ಚಿಲ್ಲರೆ ವ್ಯವಹಾರ. ಸಿಮೆಂಟಿನವರನ್ನು ನೋಡಿ. ಕೂಡಿಕೊಂಡು ದರ ಏರಿಸಿದ್ದಕ್ಕೆ 2012ರಲ್ಲಿ 11 ಕಂಪನಿಗಳಿಗೆ ಸುಮಾರು 6,300 ಕೋಟಿ ದಂಡ ಬಿತ್ತು. 2015ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. 2016ರಲ್ಲಿ ಆಯೋಗ ಮತ್ತೆ ಹಾಕಿತು. 2018ರಲ್ಲಿ ಮೇಲ್ಮನವಿ ಕೇಳಿದವರು ದಂಡ ಸರಿ ಅಂದರು. ಅಲ್ಲಿಂದ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಆ ಸಿಮೆಂಟು ಹಾಕಿ ಕಟ್ಟಿದ ಮನೆಗಳ ತಾರಸಿ ಸೋರುವಷ್ಟು ಕಾಲ ಆಗಿದೆ. ಸಾಲದ ಕಂತು ಮಾತ್ರ ಯಾವ ಕೋರ್ಟಿಗೂ ಕಾಯಲಿಲ್ಲ. ದಂಡ ವಸೂಲಾದರೂ ಅದು ಸರ್ಕಾರದ ಖಜಾನೆಗೆ. ಮೂಟೆಗೆ ಜಾಸ್ತಿ ಕೊಟ್ಟವನು ಕೊಟ್ಟ ಹಾಗೇ. ಇದನ್ನು ತೋರಿಸಿ ಬೇಳೆ, ಎಣ್ಣೆ ಅಗ್ಗವಾಗುತ್ತೆ ಅಂತ ನಮಗೆ ಹೇಳ್ತೀರಲ್ಲ ಪಂಡಿತರೇ, ಸ್ವಲ್ಪನಾದರೂ ನಾಚಿಕೆ ಬೇಡ್ವಾ?