ಪ್ರತಿ ಊರಿಗೂ ಒಂದು ಗಿರಣಿ ಯಾಕಿತ್ತು?

ಸಣ್ಣ ಊರಿನ ಹಳೇ ಗಿರಣಿಯ ಇತಿಹಾಸ ಅಂತ ಬರೆದದ್ದನ್ನು ಓದಿದಾಗಲೆಲ್ಲ ನನಗೆ ಒಂದು ಅಸಮಾಧಾನ. ಕಟ್ಟಿಸಿದವರು ಯಾರು, ಯಾವ ಇಸವಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ ಬೆಂಕಿ ಬಿತ್ತು. ಅಷ್ಟಕ್ಕೇ ಮುಗಿಯುತ್ತದೆ. ಆ ಊರಿಗೆ ತನ್ನದೇ ಗಿರಣಿ ಯಾಕೆ ಬೇಕಿತ್ತು, ಆಮೇಲೆ ಯಾಕೆ ಬೇಡವಾಯಿತು ಅನ್ನೋದು ಅದರಲ್ಲಿ ಇರೋದೇ ಇಲ್ಲ.

ಉತ್ತರ ಕಾಳಿನೊಳಗೇ ಇದೆ. ಗೋಧಿ ಕಾಳಿನ ಒಂದು ತುದಿಯಲ್ಲಿ ಮೊಳಕೆಯೊಡೆಯುವ ಭಾಗ ಇರುತ್ತದೆ. ಅದರಲ್ಲಿ ಎಣ್ಣೆಯಂಶ ಜಾಸ್ತಿ. ಕಲ್ಲಿನ ಗಿರಣಿಯಲ್ಲಿ ಬೀಸಿದರೆ ಅದೂ ಹಿಟ್ಟಿಗೆ ಸೇರುತ್ತದೆ. ಅದರಿಂದ ರುಚಿ ಬರುತ್ತದೆ, ಆದರೆ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ಒಣಗಿಸಿಟ್ಟ ಕಾಳು ವರ್ಷಗಟ್ಟಲೆ ಬಾಳುತ್ತದೆ, ಹಿಟ್ಟು ಬಾಳುವುದಿಲ್ಲ. ಹಾಗಾಗಿ ಬೇಕಾದಾಗ ಬೇಕಾದಷ್ಟೇ ಬೀಸಿಸಬೇಕು, ಗಿರಣಿ ಹತ್ತಿರದಲ್ಲೇ ಇರಬೇಕು. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು-ಆಸ್ತಿಗಳ ಲೆಕ್ಕಪತ್ರ ‘ಡೂಮ್ಸ್‌ಡೇ’ಯಲ್ಲೇ ಸುಮಾರು 6,000 ಗಿರಣಿಗಳಿವೆ.

ಇಷ್ಟು ಅಗತ್ಯದ ಜಾಗವನ್ನು ಅಧಿಕಾರದಲ್ಲಿದ್ದವರು ಸುಮ್ನೆ ಬಿಡ್ತಾರಾ? ಯುರೋಪಿನ ಎಷ್ಟೋ ಕಡೆ ರೈತರು ಜಮೀನುದಾರನ ಗಿರಣಿಯಲ್ಲೇ ಬೀಸಿಸಬೇಕಿತ್ತು, ಕಾಳಿನಲ್ಲಿ ಒಂದು ಪಾಲು ಕೊಡಬೇಕಿತ್ತು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಮಠದವರು ಜನರ ಮನೆಯ ಬೀಸುಕಲ್ಲುಗಳನ್ನೇ ಕಿತ್ತುಕೊಂಡು ಮಠದ ನೆಲಕ್ಕೆ ಹಾಸಿಬಿಟ್ಟಿದ್ದರು. 1381ರ ರೈತರ ದಂಗೆಯಲ್ಲಿ ಜನ ನುಗ್ಗಿ ಆ ಕಲ್ಲುಗಳನ್ನು ಕಿತ್ತು, ಒಡೆದು, ಚೂರುಗಳನ್ನು ಹಂಚಿಕೊಂಡರು. ಗಿರಣಿಯ ಚರಿತ್ರೆ ಅಂದರೆ ನನಗೆ ಮೊದಲು ನೆನಪಾಗೋದು ಇದೇ.

ಇನ್ನು ಕಲ್ಲಿಗೆ ಉಳಿ ಹಾಕುವವರು. ಎರಡು ಕಲ್ಲುಗಳ ನಡುವೆ ಕಾಳು ಕತ್ತರಿಸಿದ ಹಾಗೆ ಒಡೆಯಬೇಕಾದರೆ ಕಲ್ಲಿನ ಮೇಲಿನ ಗೀರುಗಳು ಹರಿತವಾಗಿರಬೇಕು. ಸವೆದರೆ ಹಿಟ್ಟು ಬಿಸಿಯಾಗಿ ಕೆಡುತ್ತದೆ. ಭಾರದ ಮೇಲುಗಲ್ಲನ್ನು ಎತ್ತಿ ಮಗುಚಿ, ಗೀರುಗಳನ್ನು ಒಂದೊಂದಾಗಿ ಮತ್ತೆ ಕೊರೆಯಬೇಕು. ಹಾಗೆ ಹೊಡೆಯುವಾಗ ಸಿಡಿದ ಉಕ್ಕಿನ ಚೂರುಗಳು ಕೈಯೊಳಗೆ ಸೇರಿ ಕಪ್ಪು ಚುಕ್ಕೆಗಳಾಗಿ ಉಳಿಯುತ್ತಿದ್ದವು. ಕೈ ನೋಡಿದರೇ ಅನುಭವ ಗೊತ್ತಾಗುತ್ತಿತ್ತು. ಇವರ ಹೆಸರು ಯಾವ ಫಲಕದಲ್ಲಾದರೂ ಇದೆಯಾ?

1870ರ ದಶಕದ ಹೊತ್ತಿಗೆ ಹಂಗೇರಿಯಲ್ಲಿ, ಆಮೇಲೆ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ, ಲೋಹದ ರೋಲರ್‌ಗಳು ಬಂದವು. ತವುಡು, ಮೊಳಕೆ ಎರಡನ್ನೂ ಬೇರೆ ಮಾಡಿ ಬಿಳಿ ಹಿಟ್ಟು ಕೊಟ್ಟವು. ಬೆಳ್ಳಗಿನ ಹಿಟ್ಟು ಜನರಿಗೆ ಇಷ್ಟವಾಯಿತು, ನಿಜ. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ, ಹಿಟ್ಟು ಬೇಗ ಕೆಡುವುದು ನಿಂತದ್ದು. ಅದು ರೈಲು ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಗಿರಣಿ ಊರಲ್ಲೇ ಇರಬೇಕಾದ ಕಾರಣವೇ ಹೋಯಿತು. ಸಣ್ಣ ಗಿರಣಿಯವರು ಸೋಮಾರಿಗಳಾಗಿದ್ದರು, ಕಾಲಕ್ಕೆ ತಕ್ಕ ಹಾಗೆ ಬದಲಾಗಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಎಷ್ಟು ಚೆನ್ನಾಗಿ ಬೀಸಿದ್ದರೂ ಆ ರೈಲನ್ನು ನಿಲ್ಲಿಸೋಕೆ ಆಗುತ್ತಿರಲಿಲ್ಲ. ದೊಡ್ಡದಾದದ್ದಕ್ಕೆ ಬೇರೆ ಬೆಲೆಯೂ ಇತ್ತು: 1878ರಲ್ಲಿ ಮಿನ್ನಿಯಾಪೊಲಿಸ್‌ನ ದೊಡ್ಡ ಗಿರಣಿಯೊಂದರಲ್ಲಿ ಹಿಟ್ಟಿನ ದೂಳಿಗೆ ಕಿಡಿ ತಗುಲಿ ಸ್ಫೋಟವಾಗಿ 18 ಜನ ಸತ್ತರು.

ಹಳೇ ಗಿರಣಿ ಉಳಿಸುತ್ತೇವೆ ಅಂತ ಗೋಡೆಗೆ ಬಣ್ಣ ಬಳಿದು ಒಳಗೆ ಹೋಟೆಲ್ ಮಾಡುವುದು ನನಗೆ ಸಾಲದು. ನೆದರ್‌ಲ್ಯಾಂಡ್ಸ್‌ನಲ್ಲಿ ಗಾಳಿ ಗಿರಣಿ, ನೀರಿನ ಗಿರಣಿ ನಡೆಸುವ ಕಸುಬನ್ನು ಆಸಕ್ತರಿಗೆ ಕಲಿಸುತ್ತಾರೆ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಆ ಕಸುಬೇ. ಗಿರಣಿ ದುರಸ್ತಿಗೆ ದುಡ್ಡು ಕೂಡಿಸುವವರು ಅದರಲ್ಲಿ ಒಂದು ಪಾಲನ್ನು ಕಲ್ಲಿಗೆ ಉಳಿ ಹಾಕುವುದನ್ನು ಇಬ್ಬರಿಗಾದರೂ ಕಲಿಸೋಕೆ ತೆಗೆದಿಡಲಿ.