ಲಘು ಲಾಠಿ, ಗುರು ಪರಿಣಾಮ

ಕರ್ನಾಟಕದ ವಿರೋಧ ಪಕ್ಷಗಳು ಎಷ್ಟೇ ಸೋಮಾರಿಗಳಾಗಿದ್ದರೂ ಅವುಗಳ ಪ್ರಚಾರಕ್ಕೆ ಕೊರತೆಯಿಲ್ಲ. ಆ ಕೆಲಸವನ್ನು ಗೃಹ ಇಲಾಖೆ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಯಾರೇ ಅಧಿಕಾರಕ್ಕೆ ಬಂದರೂ ಈ ಸೇವೆಯಲ್ಲಿ ವ್ಯತ್ಯಯವಿಲ್ಲ. ಬೆಸ್ಕಾಂಗೂ ಇಲ್ಲದ ಹೆಗ್ಗಳಿಕೆ ಇದು.

2019ರ ಡಿಸೆಂಬರ್ ನೋಡಿ. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಗಳಿಗೆ ಪೊಲೀಸರೇ ಅನುಮತಿ ಕೊಟ್ಟಿದ್ದರು. 18ರಂದು ಅದೇ ಪೊಲೀಸರು ಅದನ್ನು ವಾಪಸ್ ಪಡೆದು, 19ರ ಬೆಳಗ್ಗೆ 6ರಿಂದ 21ರ ಮಧ್ಯರಾತ್ರಿವರೆಗೆ ಇಡೀ ಬೆಂಗಳೂರಿಗೆ, ಗುಂಪು ಸೇರುವುದನ್ನು ನಿಷೇಧಿಸುವ 144ನೇ ಸೆಕ್ಷನ್ ಜಾರಿ ಮಾಡಿದರು. ಮರುದಿನ ಟೌನ್‌ಹಾಲ್ ಎದುರು ಗಾಂಧಿ ಚಿತ್ರ ಹಿಡಿದು ಟೀವಿಯವರ ಮೈಕಿಗೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು, ಕ್ಯಾಮೆರಾ ಓಡುತ್ತಿರುವಾಗಲೇ ತೋಳು ಹಿಡಿದು ಎಳೆದೊಯ್ದರು. ಪಾಪ, ಮಾತು ಮುಗಿಸಲು ಬಿಟ್ಟಿದ್ದರೆ ಸಂಜೆಯ ಸುದ್ದಿಯಲ್ಲಿ ಅರ್ಧ ನಿಮಿಷ ಸಿಗುತ್ತಿತ್ತೋ ಇಲ್ಲವೋ. ಇಲಾಖೆಯ ಕೃಪೆಯಿಂದ ಆ ದೃಶ್ಯ ದೇಶ ದಾಟಿ ಹೋಯಿತು. 2020ರ ಫೆಬ್ರುವರಿ 13ರಂದು, ಅಂದರೆ ಆದೇಶ ಸತ್ತು ಎರಡು ತಿಂಗಳಾಗುತ್ತ ಬಂದಾಗ, ಅದು ಹುಟ್ಟಿದ್ದೇ ಅಕ್ರಮವಾಗಿ ಎಂದು ಹೈಕೋರ್ಟ್ ಹೇಳಿತು.

ಆ ಸೆಕ್ಷನ್ ಈಗಿಲ್ಲ ಎಂದು ಹಿಗ್ಗಬೇಡಿ. 2024ರ ಜುಲೈ 1ರಿಂದ ಅದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ವಸಾಹತುಶಾಹಿಯಿಂದ ನಮಗೆ ಸಿಕ್ಕ ಬಿಡುಗಡೆ ಒಟ್ಟು 19 ಅಂಕಿಯಷ್ಟು.

ಇನ್ನು ಗುಂಪು ಚದುರಿಸುವ ಶಾಸ್ತ್ರ. ಸಂಹಿತೆಯ 148ನೇ ಸೆಕ್ಷನ್ ಪ್ರಕಾರ ಮೊದಲು ಚದುರಲು ಆಜ್ಞೆ, ಕೇಳದಿದ್ದರೆ ಬಲಪ್ರಯೋಗ. ಕಾಗದದ ಮೇಲೆ ಚಂದ. ರಸ್ತೆಯಲ್ಲಿ ಇನ್‌ಸ್ಪೆಕ್ಟರ್ ಕೈಮೈಕಿನಲ್ಲಿ ಕೂಗಿದ್ದು ತಮಟೆ, ಧಿಕ್ಕಾರಗಳ ನಡುವೆ ಮೂರನೇ ಸಾಲಿಗೂ ಮುಟ್ಟುವುದಿಲ್ಲ. ಎರಡೂ ಬದಿಗೆ ಬ್ಯಾರಿಕೇಡ್, ಹಿಂದೆ ಕೆಎಸ್‌ಆರ್‌ಪಿ ವ್ಯಾನು. ನಡುವೆ ನಿಂತವರಿಗೆ ‘ಚದುರಿ’ ಎಂದರೆ ಉಳಿದಿರುವ ದಾರಿ ಆಕಾಶ ಒಂದೇ. ಹಾರಲಿಲ್ಲ ಎಂಬ ತಪ್ಪಿಗೆ ಏಟು. ಸೊಂಟದಿಂದ ಕೆಳಗೆ ಹೊಡೆಯಬೇಕು ಎಂದು ತರಬೇತಿಯಲ್ಲಿ ಕಲಿಸುತ್ತಾರೆ, ನಿಜ. ಆದರೆ ಓಡುವಾಗ ಎಡವಿ ಬಿದ್ದವನ ತಲೆಯೂ ಸೊಂಟದಿಂದ ಕೆಳಗೇ ಇರುತ್ತದಲ್ಲ. ಸಂಜೆಯ ಪ್ರಕಟಣೆಯಲ್ಲಿ ಇದೆಲ್ಲ ‘ಲಘು ಲಾಠಿ ಪ್ರಹಾರ’. ಗುರು ಲಾಠಿ ಪ್ರಹಾರ ಎಂಬುದು ಈ ರಾಜ್ಯದಲ್ಲಿ ಇವತ್ತಿನವರೆಗೂ ನಡೆದ ದಾಖಲೆಯಿಲ್ಲ.

ಇದಕ್ಕಿಂತ ಜಾಣ ಕ್ರಮ ಇನ್ನೊಂದಿದೆ: ಹಿಂದಿನ ರಾತ್ರಿಯೇ ಮುಖಂಡರನ್ನು ‘ಮುನ್ನೆಚ್ಚರಿಕೆಯಾಗಿ’ ಎತ್ತಿಕೊಂಡು ಹೋಗುವುದು. ಸಂಹಿತೆಯ 170ನೇ ಸೆಕ್ಷನ್, 24 ಗಂಟೆ ಕೂಡಿಡಬಹುದು. ಗುಂಪಿಗೆ ‘ಕೂತ್ಕೊಳ್ರಪ್ಪಾ’ ಎಂದರೆ ಕೂರಿಸಬಲ್ಲ, ತಹಶೀಲ್ದಾರರ ಜೊತೆ ಮಾತಾಡಿ ಒಂದು ಮನವಿಪತ್ರಕ್ಕೆ ಮುಗಿಸಬಲ್ಲ ನಾಲ್ಕು ಜನ ಠಾಣೆಯ ಬೆಂಚಿನ ಮೇಲೆ. ಹೊರಗೆ ಉಳಿಯುವುದು ಯಾರ ಮಾತಿಗೂ ಬಗ್ಗದ ಸಾವಿರ ಜನ. ಆಮೇಲೆ ಕಲ್ಲು ಬಿದ್ದರೆ ‘ಕಾಣದ ಕೈಗಳ’ ಹುಡುಕಾಟ. ಕಾಣುತ್ತಿದ್ದ ಕೈಗಳನ್ನು ಒಳಗೆ ಹಾಕಿದವರೂ ಇದೇ ಪೊಲೀಸರು.

ಈ ವಿದ್ಯೆಯ ಮೂಲಪೀಠ ನರಗುಂದ, ನವಲಗುಂದ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದಿದ್ದರೂ ನೀರಿನ ಕರ, ಅಭಿವೃದ್ಧಿ ಕರ ಕಟ್ಟಿ ಎಂದದ್ದಕ್ಕೆ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ಆಯಿತು. ರೈತರು ಸತ್ತರು, ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಎರಡು ತಾಲ್ಲೂಕಿನ ಕರದ ತಕರಾರನ್ನು ಗುಂಡೂರಾವ್ ಸರ್ಕಾರ ಹೀಗೆ ರಾಜ್ಯದ ಪ್ರಶ್ನೆ ಮಾಡಿಕೊಟ್ಟಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಗೋಕಾಕ್ ಚಳವಳಿಯೂ ಸೇರಿಕೊಂಡು, 1983ರ ಜನವರಿಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯ ಕಳೆದುಕೊಂಡು ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ನರಗುಂದದ ವೀರಗಲ್ಲಿಗೆ ಈಗ ಪ್ರತಿ ಜುಲೈ 21ರಂದು ಎಲ್ಲ ಪಕ್ಷದವರ ಮಾಲೆ ಬೀಳುತ್ತದೆ, ಅದೂ ಬಿಗಿ ಬಂದೋಬಸ್ತಿನಲ್ಲಿ.

2008ರ ಮೇ 30ರಂದು ಯಡಿಯೂರಪ್ಪನವರು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು. ಅವರು ಕುರ್ಚಿ ಬಿಟ್ಟದ್ದು ಬೇರೆ ಕಾರಣಕ್ಕೆ, ಒಪ್ಪೋಣ. ಆದರೆ ಅವರ ಹಸಿರು ಶಾಲು ಕಂಡಾಗಲೆಲ್ಲ ಹಾವೇರಿ ನೆನಪಿಸುವ ಅವಕಾಶವನ್ನು ಎದುರಾಳಿಗಳು ಇನ್ನೂ ಬಿಟ್ಟಿಲ್ಲ.

ಇಷ್ಟೆಲ್ಲ ರಗಳೆ ಬೇಡವೆಂದೇ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಎಂಬ ಆದೇಶ ಬಂತು. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಕೂಡಿಟ್ಟ ಜಾಗ. ಕಾವಲು ಗೋಪುರ ಇನ್ನೂ ನಿಂತಿದೆ. ಪ್ರತಿಭಟನಕಾರರು ತಾವಾಗಿಯೇ ಜೈಲಿಗೆ ಬಂದು ಕೂರುವ ಈ ಏರ್ಪಾಟಿನಲ್ಲಿ ಸರ್ಕಾರಕ್ಕೆ ವ್ಯಾನಿನ ಡೀಸೆಲ್ಲೂ ಉಳಿತಾಯ. ಸಂಚಾರಕ್ಕೆ ತೊಂದರೆಯಾಗಬಾರದಲ್ಲ! 2022ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ನಗರದೊಳಗೆ ನುಗ್ಗಿದಾಗ, 2023ರ ಮೇ 6ರಂದು ಪ್ರಧಾನಿಯ ರೋಡ್‌ಶೋ 26 ಕಿ.ಮೀ. ಸಾಗಿದಾಗ ಯಾವ ಆಂಬುಲೆನ್ಸಿಗೂ ಅವಸರವಿರಲಿಲ್ಲವೆಂದು ಕಾಣುತ್ತದೆ.

ಕೊನೆಗೆ ದೇವನಹಳ್ಳಿ. ಸರ್ಕಾರ ಸ್ವಾಧೀನಕ್ಕೆ ಹೊರಟ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಡತವೂ ಬದಲಾಗಲಿಲ್ಲ. 2025ರ ಜೂನ್ 25ರಂದು ಪೊಲೀಸರು ಧರಣಿ ನಿರತರನ್ನು ಎಳೆದಾಡಿ ಬಸ್ಸಿಗೆ ತುಂಬಿದರು. ಅದಾದ ಮೇಲೆ ಸಾಹಿತಿಗಳು, ನಟರು, ಕಾರ್ಮಿಕ ಸಂಘಗಳು ಎಲ್ಲ ಫ್ರೀಡಂ ಪಾರ್ಕಿಗೆ ಬಂದರು. ಜುಲೈ 15ಕ್ಕೆ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವು, ಒಪ್ಪಿ ಕೊಡುವವರ ಜಮೀನು ಮಾತ್ರ ಕೊಳ್ಳುತ್ತೇವೆ ಎಂದರು. ಸುಮ್ಮನೆ ಕೂತದ್ದು ಮೂರು ವರ್ಷಕ್ಕೂ ಹೆಚ್ಚು. ಎಳೆದಾಡಿಸಿಕೊಂಡ ಮೇಲೆ ಬೇಕಾದದ್ದು 20 ದಿನ.

ಅದೇ ಪಾರ್ಕಿನಲ್ಲಿ ಚಳಿಯಲ್ಲಿ ದಿನಗಟ್ಟಲೆ ಕೂತು, ಭರವಸೆ ಕಟ್ಟಿಕೊಂಡು ಊರಿಗೆ ಮರಳುವ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಈ ಲೆಕ್ಕ ಹಾಕುತ್ತಿರಬಹುದು. ಮುಂದಿನ ಸಲದ ಅನುಮತಿ ಅರ್ಜಿಯಲ್ಲಿ ನೀರು, ನೆರಳು, ಶೌಚಾಲಯದ ಕೆಳಗೆ ‘ಲಘು ಲಾಠಿ ಪ್ರಹಾರ, ಒಂದು, ಟೀವಿಯವರು ಬಂದ ಮೇಲೆ’ ಎಂದು ಬರೆದುಕೊಟ್ಟರೆ ಕಮಿಷನರ್ ಕಚೇರಿಯವರು ತಬ್ಬಿಬ್ಬಾಗಬಾರದು.