ನಾನಂತೂ ಬಿಡ್ತು ಅನ್ನಲ್ಲ

ನಿನ್ನೆ ಗಿರಿನಗರದ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ, "ಸೋಮವಾರ ನನ್ನ ವಿಲ್ ರಿಜಿಸ್ಟರ್ ಮಾಡಿಸ್ತಿದ್ದೀನಿ" ಅಂದೆ. ಕೋಸಂಬರಿ ಬಡಿಸುತ್ತಿದ್ದ ಅಕ್ಕ ಅಲ್ಲೇ ನಿಂತು, "ಬಿಡ್ತು ಅನ್ನು!" ಅಂದಳು. ಪಂಕ್ತಿಯಲ್ಲಿದ್ದ ಎಲ್ಲರದ್ದೂ ಅದೇ ಮಾತು. ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಸಿಟ್ಟು ಬಂದಿದೆ.

ಯಾಕೆ ಬಿಡ್ತು ಅನ್ನಬೇಕು? ನನಗೆ ಸ್ತನ ಕ್ಯಾನ್ಸರ್ ಆಗಿ 7 ವರ್ಷ ಆಯಿತು, ನಿಮಗೆಲ್ಲ ಗೊತ್ತು. ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್) ಎಲ್ಲ ಮುಗಿಸಿ ಗಟ್ಟಿಯಾಗಿದ್ದೇನೆ. ಬದುಕಿ ಉಳಿದ ಋಣ ದೊಡ್ಡದು. ಕೀಮೋ ದಿನಗಳಲ್ಲಿ ಗುರುತೇ ಇಲ್ಲದ ಹುಡುಗರು ಬಂದು ನನಗೆ ಪ್ಲೇಟ್‌ಲೆಟ್ ಕೊಟ್ಟು ಹೋದರು. ಅದನ್ನು ಹಾಗೇ ತೀರಿಸೋಣ ಅಂದರೆ, ಕ್ಯಾನ್ಸರ್ ಬಂದವರು ರಕ್ತ ಕೊಡುವ ಹಾಗಿಲ್ಲ. ನನ್ನ ಹತ್ತಿರ ಉಳಿದಿರುವುದು ದುಡ್ಡು.

ಪಿಂಚಣಿಯಲ್ಲಿ ಪ್ರತಿ ತಿಂಗಳು ಒಂದಿಷ್ಟು ಕ್ಯಾನ್ಸರ್ ರೋಗಿಗಳಿಗೆ ಅಂತ ಕೊಡುತ್ತಲೇ ಇದ್ದೇನೆ. ಆದರೆ ನನ್ನ ನಂತರವೂ ಅದು ನಿಲ್ಲಬಾರದು ಅಲ್ವಾ?

ಕರೆಂಟು ಕೊಡಿಸಿಕೊಳ್ಳುವಾಗ ಸಿಂಧನೂರು ಕಡೆಯ ಒಬ್ಬರು ನನ್ನ ಪಕ್ಕದಲ್ಲೇ ಕಾಯುತ್ತಿದ್ದರು. ಸೋಮವಾರದಿಂದ ಶುಕ್ರವಾರ, ದಿನಾ ಒಂದು ಸಲ, ಒಟ್ಟು 25 ಸಲ. ಮೆಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ. ಅದಕ್ಕಾಗಿ ಐದು ವಾರ ಬೆಂಗಳೂರಿನಲ್ಲೇ ಇರಬೇಕು. ನಾನು ಆಟೋ ಹತ್ತಿ ಮನೆಗೆ ಬಂದು ಮಲಗುತ್ತಿದ್ದೆ. ಅವರು? "ಔಷಧಿ ಹೆಂಗರ ಆಗ್ತೈತ್ರಿ ಅಕ್ಕಾರ, ಉಳಿಯಾಕ ಜಾಗ ಇಲ್ರಿ" ಅಂದಿದ್ದರು. ರೈಲಿನ ಸ್ಲೀಪರ್‌ನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ ರಿಯಾಯಿತಿ ಇದೆ. ಆದರೆ ರೂಮಿನ ಬಾಡಿಗೆಗೆ, ಎರಡು ಹೊತ್ತಿನ ಊಟಕ್ಕೆ, ಜೊತೆಗೆ ಬಂದ ಗಂಡನ ತಪ್ಪಿಹೋದ ಕೂಲಿಗೆ ಯಾರು ಕೊಡುತ್ತಾರೆ? 14ನೇ ದಿನ ಆದ ಮೇಲೆ ಅವರು ಬರಲಿಲ್ಲ. ಊರಿಗೆ ಹೋಗಿಬಿಟ್ಟಿದ್ದರು. ನಾನು ಅವರ ಫೋನ್ ನಂಬರ್ ಕೂಡ ತೆಗೆದುಕೊಂಡಿರಲಿಲ್ಲ.

ಅದಕ್ಕೇ ಒಂದು ಪಾಲು ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ, ಹೊರ ಊರಿನ ರೋಗಿಗಳು ಉಳಿದುಕೊಳ್ಳುವ ಖರ್ಚಿಗೆ ಅಂತ ಬರೆಸಿದ್ದೇನೆ. 1973ರಿಂದ ಎಷ್ಟು ಜಿಲ್ಲೆಗಳ ಜನ ಆ ಗೇಟಿಗೆ ಬಂದಿದ್ದಾರೆ! ಇನ್ನೊಂದು ಪಾಲು ಮಾರತ್ತಹಳ್ಳಿ ಕಡೆಯ ಕರುಣಾಶ್ರಯಕ್ಕೆ. ಇನ್ನು ವಾಸಿಯಾಗಲ್ಲ ಅಂತ ಆದವರ ನೋವು ಕಡಿಮೆ ಮಾಡಿ, ಕೊನೆಯವರೆಗೂ ನೋಡಿಕೊಳ್ಳುತ್ತಾರೆ. ಒಂದು ಪೈಸೆ ಕೇಳಲ್ಲ.

"ಮಕ್ಕಳ ಬಾಯಿಗೆ ಮಣ್ಣು ಹಾಕ್ತೀಯಾ?" ಅಂತ ಭಾವ ಕೇಳಿದರು. ಮನೆ ಮಗಳಿಗೇ ಹೋಗುತ್ತದೆ. ಕೊಡುತ್ತಿರುವುದು ನಾನು ದುಡಿದು ಕೂಡಿಸಿದ ದುಡ್ಡು. ವಿಲ್ ಕರಡನ್ನು ಮಗಳಿಗೆ ಮೊದಲೇ ತೋರಿಸಿದ್ದೇನೆ. ಸಂಸ್ಥೆಯ ಪೂರ್ತಿ ಹೆಸರು, ವಿಳಾಸ ಹಾಕಮ್ಮಾ ಅಂತ ತಿದ್ದಿದವಳೇ ಅವಳು. ಸುಮ್ನೆ "ಕ್ಯಾನ್ಸರ್ ಆಸ್ಪತ್ರೆಗೆ" ಅಂತ ಬರೆದರೆ ಆಮೇಲೆ ತಕರಾರು.

"ನಾಮಿನಿ ಇದ್ದಾರಲ್ಲ, ವಿಲ್ ಯಾಕೆ?" ಅಂದರು ಇನ್ನೊಬ್ಬರು. ನಾಮಿನಿ ಅಂದರೆ ದುಡ್ಡನ್ನು ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಒಡೆಯರಲ್ಲ. ವಿಲ್‌ಗೆ ಸ್ಟಾಂಪ್ ಪೇಪರೂ ಬೇಡ. ಬಿಳಿ ಹಾಳೆ, ನಮ್ಮ ಸಹಿ, ಇಬ್ಬರು ಸಾಕ್ಷಿಗಳು. ರಿಜಿಸ್ಟ್ರೇಷನ್ ಕಡ್ಡಾಯವಲ್ಲ, ನನ್ನ ಸಮಾಧಾನಕ್ಕೆ ಮಾಡಿಸುತ್ತಿದ್ದೇನೆ. ಬದುಕಿರುವವರೆಗೂ ಬದಲಾಯಿಸಬಹುದು. ಇದರಲ್ಲಿ ಎಲ್ಲಿದೆ ಅಪಶಕುನ?

ಒಂದು ಮಾತು ಇದುವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಯಜಮಾನರು ತೀರಿಕೊಳ್ಳುವ ಎರಡು ತಿಂಗಳ ಮುಂಚೆ ಒಂದು ಸಂಜೆ, "ಕಾಗದ ಪತ್ರ ಎಲ್ಲ ಒಂದು ಸಲ ನೋಡೋಣ ಕೂತ್ಕೋ, ಒಂದು ವಿಷಯ ಹೇಳಬೇಕು" ಅಂದಿದ್ದರು. "ಬಿಡ್ತು ಅನ್ನಿ" ಅಂತ ಎದ್ದು ಅಡುಗೆಮನೆಗೆ ಹೋದೆ. ಅವರು ಹೋದ ಮೇಲೆ ವಂಶವೃಕ್ಷಕ್ಕೆ, ಬ್ಯಾಂಕಿಗೆ ಅಂತ ಅಲೆದದ್ದು ಮರೆತುಹೋಗಿದೆ. ಆ ಒಂದು ವಿಷಯ ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಸೋಮವಾರ 11 ಗಂಟೆಗೆ ಸಬ್ ರಿಜಿಸ್ಟ್ರಾರ್ ಆಫೀಸು. ಸಾಕ್ಷಿಗೆ ಕೆಳಗಿನ ಮನೆ ಮೇಷ್ಟ್ರು, ವಾಕಿಂಗ್ ಗೆಳತಿ ಬರುತ್ತಿದ್ದಾರೆ. ಅಕ್ಕಾ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಜೊತೆಗೆ ಬಾ.